ಮಲೆಬೆನ್ನೂರಿನ ‘ಇನ್‌ಸ್ಪೆಕ್ಟ್ರು’

ಶಾಲಾ ಇನ್‌ಸ್ಪೆಕ್ಟರ್ ಎಂಬ ಹುದ್ದೆ ಹೋಗಿ ಬಿಇಒ ಬಂದು ಎಷ್ಟೋ ಕಾಲವಾಯಿತು. ಮಲೆಬೆನ್ನೂರಿನಲ್ಲಿ ಮಾತ್ರ ಒಬ್ಬರು ಇನ್‌ಸ್ಪೆಕ್ಟ್ರು ಇನ್ನೂ ಉಳಿದಿದ್ದಾರೆ. ಇವರನ್ನು ಸರ್ಕಾರ ನೇಮಿಸಿಲ್ಲ, ಸಂಬಳ ಕೊಡುವುದಿಲ್ಲ. ಹಾಗಾಗಿ ವರ್ಗಾವಣೆಯ ಭಯವಿಲ್ಲ, ನಿವೃತ್ತಿಯಂತೂ ಮೊದಲೇ ಇಲ್ಲ. ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ನಿಮ್ಮೂರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹರಿಹರದಲ್ಲಿ ನಾಲ್ಕೈದು ಮಂದಿ ಸಿಗಬಹುದು. ದಾವಣಗೆರೆಯಲ್ಲಿ ಬಡಾವಣೆಗೊಬ್ಬರು.

ಮಕ್ಕಳನ್ನು ಶಾಲೆಗೆ ಸೇರಿಸುವುದು ಎಲ್ಲ ಅಪ್ಪಂದಿರಿಗೂ ಒಂದು ಕೆಲಸ. ಇನ್‌ಸ್ಪೆಕ್ಟ್ರಿಗೆ ಅದು ತಪಾಸಣೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಸೈಟು ಅಳೆಯುವ ಟೇಪು, ಕಂಕುಳಲ್ಲಿ ಕ್ರಿಮಿನಾಶಕ ಕಂಪನಿಯವರು ಡೀಲರುಗಳಿಗೆಂದು ಕೊಟ್ಟ ದಪ್ಪ ಡೈರಿ. ಡೈರಿಯ ಹೊದಿಕೆಯ ಮೇಲೆ ಹಸಿರು ಎಲೆ, ಎಲೆಯ ಮೇಲೆ ಅಂಗಾತ ಬಿದ್ದ ಹುಳು. ಒಳಗಡೆ ಪುಟಕ್ಕೊಂದು ಶಾಲೆ. ಮೊಬೈಲಿನಲ್ಲಿ ದಿಕ್ಕು ತೋರಿಸುವ ಆಪು, ಬೆಳಕು ಅಳೆಯುವ ಆಪು, ಸದ್ದು ಅಳೆಯುವ ಆಪು. ಕೊನೆಯದನ್ನು ಅವರು ಮಾತಾಡುವಾಗ ಆನ್ ಮಾಡಿದರೆ ಮುಳ್ಳು ಕೆಂಪಿಗೆ ಹೋಗಿ ನಿಲ್ಲುತ್ತದೆ. ಅದನ್ನು ಅವರಿಗೆ ತೋರಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಹರಿಹರ–ಶಿವಮೊಗ್ಗ ಹೆದ್ದಾರಿಯ ಬದಿಯಲ್ಲಿ ಇವರದು ಗೊಬ್ಬರ ಮತ್ತು ಔಷಧಿಯ ಅಂಗಡಿ. ಔಷಧಿ ಎಂದರೆ ನಮ್ಮ ಸೀಮೆಯಲ್ಲಿ ಭತ್ತಕ್ಕೆ ಹೊಡೆಯುವುದು. ಭದ್ರಾ ನಾಲೆಯ ಊರಾದ್ದರಿಂದ ಇಲ್ಲಿಯ ಬದುಕೆಲ್ಲ ಲಕ್ಕವಳ್ಳಿಯ ಡ್ಯಾಮಿನ ಮಟ್ಟದ ಮೇಲೆ ನಿಂತಿದೆ. 186 ಅಡಿ ತುಂಬಿದರೆ ಊರಿಗೆ ಊರೇ ನಗುತ್ತದೆ. ನೂರೈವತ್ತಕ್ಕೆ ಇಳಿದರೆ ಸಾಲ ಕೊಟ್ಟವರ ಮುಖವೂ ಇಳಿಯುತ್ತದೆ. ಬೇಸಿಗೆ ಭತ್ತ ಕೊಯ್ದು ಮುಗಿಯುತ್ತಲೇ ಗೊಬ್ಬರದ ವ್ಯಾಪಾರ ಮಂಕಾಗುತ್ತದೆ. ಮತ್ತೆ ನಾಲೆಗೆ ನೀರು ಬಿಟ್ಟು ನಾಟಿ ಶುರುವಾಗುವವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೊಣ ಹೊಡೆಯಬೇಕು. ಶಾಲೆಗಳು ಬಾಗಿಲು ತೆರೆದು ದಾಖಲಾತಿ ಶುರುಮಾಡುವುದೂ ಸರಿಯಾಗಿ ಅದೇ ದಿನಗಳಲ್ಲಿ. ಇದು ಶಿಕ್ಷಣ ಇಲಾಖೆಯ ದುರದೃಷ್ಟ.

ಇವರಲ್ಲಿ ಪರಿಸರದ ಕಾಳಜಿ ಹುಟ್ಟಿದ್ದು ಬಾಲಿ ದ್ವೀಪದಿಂದ. ಅಲ್ಲಿಗೆ ಹೋಗಿ ಬಂದವರಲ್ಲ, ಮೊಬೈಲಿಗೆ ವಿಡಿಯೋ ಬಂತು. ಇಂಡೋನೇಷ್ಯಾದ ಆ ದ್ವೀಪದಲ್ಲಿ 2008ರಲ್ಲಿ ಶುರುವಾದ ‘ಗ್ರೀನ್ ಸ್ಕೂಲ್’ ಇಡೀ ಬಿದಿರಿನಲ್ಲೇ ಕಟ್ಟಿದ್ದು. ತರಗತಿಗಳಿಗೆ ಗೋಡೆಯಿಲ್ಲ, ಸುತ್ತ ಕಾಡು. ಅದನ್ನು ಅಂಗಡಿಗೆ ಯೂರಿಯಾ ಕೇಳಲು ಬಂದವರಿಗೆಲ್ಲ ತೋರಿಸಿದರು.

‘ನೋಡ್ರಿ, ಗೋಡೆನೇ ಇಲ್ಲ!’

ಒಬ್ಬ ಹಿರಿಯರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು. ‘ಗೋಡೆ ಇಲ್ಲದ ಸಾಲಿಯಾಗೆ ನಾವೂ ಓದೀವಿ ಸಾಹುಕಾರ್ರೆ, ಬೇವಿನ ಮರದ ಕೆಳಗೆ. ಆವಾಗ ವಿಡಿಯೋ ಮಾಡೋರು ಇರಲಿಲ್ಲ, ಅಷ್ಟೆ’ ಎಂದು ಯೂರಿಯಾ ಚೀಲ ಹೆಗಲಿಗೇರಿಸಿಕೊಂಡು ಹೋದರು.

ಇನ್‌ಸ್ಪೆಕ್ಟ್ರು ಅಷ್ಟಕ್ಕೆಲ್ಲ ಬಗ್ಗುವವರಲ್ಲ. ಒಬ್ಬಳೇ ಮಗಳು. ಏಳನೇ ಕ್ಲಾಸು ಪಾಸಾಗಿದ್ದಾಳೆ. ನಮ್ಮಲ್ಲಿ ಹೈಸ್ಕೂಲು ಎಂದರೆ ಎಂಟರಿಂದ ಹತ್ತು, ಹೀಗಾಗಿ ಏಳು ಮುಗಿದ ಮಕ್ಕಳ ಅಪ್ಪಂದಿರಿಗೆ ಟಿಸಿ ಕೈಗೆ ಬಂದ ದಿನದಿಂದ ನಿದ್ದೆ ಕಡಿಮೆ. ಇಲ್ಲಿ ಒಂದು ಮಾತು ಅವರ ಪರವಾಗಿ ಹೇಳಬೇಕು. ಊರಿನ ಅನುಕೂಲಸ್ಥರೆಲ್ಲ ಹಳದಿ ಬಸ್ಸು ಬರುವ ಶಾಲೆಗಳ ಕಡೆ ಓಡುತ್ತಿರುವಾಗ ಇವರು ‘ಸರ್ಕಾರಿ ಹೈಸ್ಕೂಲಿಗೇ ಸೇರಿಸೋದು’ ಎಂದು ಘೋಷಿಸಿದರು. ಕಾರಣ ತತ್ವವೋ ಶುಲ್ಕವೋ ನಾನು ಕೆದಕಲಿಲ್ಲ. ಆದರೆ ಷರತ್ತು ಒಂದಿತ್ತು: ಶಾಲೆ ಆಧುನಿಕ ಆಗಿರಬೇಕು, ಪರಿಸರಸ್ನೇಹಿ ಆಗಿರಬೇಕು.

ಹಾಗೆ ನೋಡಿದರೆ ಇದು ಎರಡು ವರ್ಷ ಮೊದಲೇ ಬಗೆಹರಿಯಬೇಕಾದ ವಿಷಯ. ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯ ನವೋದಯಕ್ಕೂ, ಆದರ್ಶ ವಿದ್ಯಾಲಯಗಳಿಗೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ. ಮಗಳು ಓದಿನಲ್ಲಿ ಚುರುಕು, ಬರೆದಿದ್ದರೆ ಸಿಗುತ್ತಿತ್ತೇನೋ. ಆದರೆ ಆಗ ಇವರು ಕಟ್ಟಡಗಳು ಯಾವ ದಿಕ್ಕಿಗೆ ಮುಖ ಮಾಡಿದರೆ ಗಾಳಿ ಚೆನ್ನಾಗಿ ಆಡುತ್ತದೆ ಎಂಬ ಅಧ್ಯಯನದಲ್ಲಿದ್ದರು. ಅಧ್ಯಯನ ಮುಗಿಯಿತು. ಅರ್ಜಿ ಹಾಕುವ ದಿನವೂ ಮುಗಿದಿತ್ತು.

ಈ ಸಲ ಹಾಗಾಗಬಾರದೆಂದು ಮೊದಲೇ ಅಂಕಪಟ್ಟಿ ತಯಾರಿಸಿಕೊಂಡರು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಪಿಎಂ ಶ್ರೀ ಯೋಜನೆಯ ಕಾಗದಗಳು ಎಲ್ಲಿಂದಲೋ ಸಿಕ್ಕಿದ್ದವು. ದೇಶದಲ್ಲಿ 14,500ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳನ್ನು ಮಾದರಿ ಮಾಡುವುದು ಯೋಜನೆಯ ಗುರಿ. ಅವುಗಳಲ್ಲಿ ಸೌರಫಲಕ, ಎಲ್‌ಇಡಿ ದೀಪ, ಪೌಷ್ಟಿಕ ಕೈತೋಟ, ಕಸ ವಿಲೇವಾರಿ, ಪ್ಲಾಸ್ಟಿಕ್ ಇಲ್ಲದ ಆವರಣ, ನೀರಿನ ಉಳಿತಾಯ ಇವೆಲ್ಲ ಇರಬೇಕು ಎಂಬುದು ಅದರ ‘ಹಸಿರು ಶಾಲೆ’ ಭಾಗ. ಇನ್‌ಸ್ಪೆಕ್ಟ್ರು ಅದನ್ನೇ ನೂರು ಅಂಕಕ್ಕೆ ಹಂಚಿದರು. ಸೋಲಾರಿಗೆ ಇಪ್ಪತ್ತು, ಮಳೆನೀರು ಕೊಯ್ಲಿಗೆ ಇಪ್ಪತ್ತು, ಕೈತೋಟಕ್ಕೆ ಹದಿನೈದು, ಕಾಂಪೋಸ್ಟಿಗೆ ಹತ್ತು, ಸ್ಮಾರ್ಟ್ ಕ್ಲಾಸಿಗೆ ಹದಿನೈದು, ಬಣ್ಣ ಮತ್ತು ಬೋರ್ಡುಗಳಿಗೆ ಹದಿನೈದು.

‘ಮೇಷ್ಟ್ರಿಗೆ?’ ಎಂದೆ.

‘ಉಳಿದ ಐದು.’

‘ಟಾಯ್ಲೆಟ್ಟಿಗೆ?’

‘ಅದು ಸ್ವಚ್ಛ ಭಾರತದ ಬಾಬ್ತು ಕಣ್ರೀ, ಪರಿಸರಕ್ಕೆ ಬರಲ್ಲ.’

ನನಗೆ ಚೆನ್ನಾಗಿ ಅರ್ಜಿ ಬರೆಯಲು ಬರುತ್ತದೆ. ಆ ಒಂದೇ ಅಪರಾಧಕ್ಕೆ ಅವರ ಬುಲೆಟ್ಟಿನ ಹಿಂದಿನ ಸೀಟು ನನ್ನ ಪಾಲಿಗೆ ಬಂತು. ಮಗಳು ತನ್ನ ಗೆಳತಿಯ ಸೈಕಲ್ಲಿನಲ್ಲಿ ನಮ್ಮ ಹಿಂದೆ ಬರುತ್ತಿದ್ದಳು. ಎಂಟನೇ ಕ್ಲಾಸಿನವರಿಗೆ ಸರ್ಕಾರ 2006-07ರಿಂದ ಕೊಡುತ್ತಿದ್ದ ಸೈಕಲ್ಲು ಕೋವಿಡ್ ಬಂದ ಮೇಲೆ ನಿಂತುಹೋಗಿತ್ತು. ಈ ಸೈಕಲ್ಲು ಗೆಳತಿಯ ಅಕ್ಕನ ಕಾಲದ್ದು. ಬುಲೆಟ್ಟಿನ ಹೊಗೆ ಸರಿಯಾಗಿ ಅವಳ ಮುಖಕ್ಕೇ ಬಡಿಯುತ್ತಿತ್ತು.

ಮೊದಲು ಹೋದ ಹೈಸ್ಕೂಲು ಊರಿನದೇ. ಹೆಡ್‌ಮಾಸ್ಟ್ರು ನಿವೃತ್ತಿಯ ಅಂಚಿನಲ್ಲಿದ್ದವರು. ಇಂಥವರಿಗೆ ಯಾವ ತಪಾಸಣೆಗೂ ಗಾಬರಿಯಾಗುವುದಿಲ್ಲ. ಮೇಜಿನ ಮೇಲೆ ಮಕ್ಕಳ ಸ್ಯಾಟ್ಸ್ ನಂಬರುಗಳ ಪಟ್ಟಿ ಹರಡಿಕೊಂಡಿದ್ದರು. ‘ಬರ್ರಿ ಸಾಹುಕಾರ್ರೆ, ಕೂತ್ಕಳ್ರಿ. ಮಗಳ ಟಿಸಿ ತಂದೀರಾ?’ ಎಂದರು.

‘ಟಿಸಿ ಆಮೇಲೆ. ಸೋಲಾರ್ ಐತಾ?’

‘ಐತಿ.’

‘ಕರೆಂಟ್ ಹೋದಾಗ?’

‘ಅದೂ ಹೋಗತೈತಿ.’

ಇನ್‌ಸ್ಪೆಕ್ಟ್ರ ಪೆನ್ನು ನಿಂತಿತು. ಹೆಡ್‌ಮಾಸ್ಟ್ರು ನಿಧಾನವಾಗಿ ಬಿಡಿಸಿ ಹೇಳಿದರು. ಮಾಡಿನ ಮೇಲಿನ ಫಲಕಗಳು ಬೆಸ್ಕಾಂ ಲೈನಿಗೆ ಸೇರಿದವು, ಬ್ಯಾಟರಿ ಇಲ್ಲ. ಲೈನಿನಲ್ಲಿ ಕರೆಂಟು ನಿಂತರೆ ಇನ್ವರ್ಟರ್ ತಾನಾಗಿಯೇ ಬಂದ್ ಆಗಬೇಕು. ಇಲ್ಲವಾದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಶಾಲೆಯ ಕರೆಂಟು ಹೊಡೆಯುತ್ತದೆ. ಕರೆಂಟಿದ್ದಾಗ ಫಲಕ ಮಾಡಿದ್ದರಲ್ಲಿ ನಾವು ಬಳಸಿ ಮಿಕ್ಕಿದ್ದು ಲೈನಿಗೆ ಹೋಗುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ.

‘ಹಂಗಾರೆ ಜಾಸ್ತಿ ಕರೆಂಟ್ ಯಾವಾಗ ಆಗತೈತಿ?’

‘ಬಿಸಿಲು ಜೋರಿರೋ ಏಪ್ರಿಲ್, ಮೇದಾಗೆ. ಆವಾಗ ನಮಗೆ ರಜೆ. ಹುಡುಗ್ರು ಇಲ್ಲದಾಗ ಸಾಲಿ ಭಾಳ ಚೆನ್ನಾಗಿ ಕೆಲಸ ಮಾಡತೈತಿ ಸಾಹುಕಾರ್ರೆ.’

ಇನ್‌ಸ್ಪೆಕ್ಟ್ರು ನಗಲಿಲ್ಲ. ಫಲಕಗಳನ್ನು ಎಣಿಸಿ ಇಪ್ಪತ್ತಕ್ಕೆ ಇಪ್ಪತ್ತು ಹಾಕಿದರು.

ಆ ಆವರಣದಲ್ಲಿ ಎರಡು ಕಟ್ಟಡ. ಒಂದು ಹೊಸ ಆರ್‌ಸಿಸಿ, ಇನ್ನೊಂದು ಮಂಗಳೂರು ಹೆಂಚಿನ ಹಳೆಯ ಸಾಲುಕೊಠಡಿ. ಹಳೆಯದಕ್ಕೆ ಎತ್ತರದ ಮಾಡು, ಎದುರುಬದುರು ದೊಡ್ಡ ಕಿಟಕಿ, ಹೆಂಚುಗಳ ನಡುವೆ ಅಲ್ಲಲ್ಲಿ ಗಾಜಿನ ಹೆಂಚು. ಇನ್‌ಸ್ಪೆಕ್ಟ್ರು ಮೊಬೈಲು ತೆಗೆದು ಬೆಳಕು ಅಳೆದರು. ಆರ್‌ಸಿಸಿ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿದರೂ ಬಾರದಷ್ಟು ಬೆಳಕು ಹೆಂಚಿನ ಕೋಣೆಯಲ್ಲಿ ಸುಮ್ಮನೆ ಬಿದ್ದಿತ್ತು. ತಂಪೂ ಇತ್ತು. ಬೋರ್ಡಿನ ಮೇಲೆ ಬೆಳಕಿನ ಚೌಕವೊಂದು ಕೂತು, ಯಾರೋ ಬಿಡಿಸಿದ ತ್ರಿಕೋನದ ಒಂದು ಮೂಲೆಯನ್ನು ತೋರಿಸುತ್ತಿತ್ತು.

‘ಇದಕ್ಕೆ ಎಷ್ಟು ಹಾಕ್ತೀರಿ?’ ಎಂದೆ.

‘ಏನ್ ಹಾಕೋದ್ರೀ, ಹಳೇದಲ್ವಾ’ ಎಂದು ಡೈರಿ ಮುಚ್ಚಿದರು. ‘ಆಧುನಿಕ ಅಂದಮೇಲೆ ಸ್ವಿಚ್ಚು ಇರಬೇಕು.’

ಸ್ಮಾರ್ಟ್ ಕ್ಲಾಸಿನ ಟಿವಿಗೆ ಹೂವಿನ ಬಟ್ಟೆ ಹೊದಿಸಿತ್ತು. ರಿಮೋಟು ಬೀರುವಿನಲ್ಲಿತ್ತು, ಬೀರುವಿನ ಕೀಲಿ ಚುನಾವಣಾ ಕೆಲಸಕ್ಕೆ ಹೋದ ಮೇಷ್ಟ್ರ ಹತ್ತಿರ. ಹದಿನೈದಕ್ಕೆ ಹದಿನೈದು.

ಇನ್ನು ಮಳೆನೀರು. ಇಲ್ಲಿ ಇನ್‌ಸ್ಪೆಕ್ಟ್ರ ಲೆಕ್ಕದ ಜ್ಞಾನಕ್ಕೆ ತಲೆಬಾಗಬೇಕು, ಅವರು ಹೇಳಿದ್ದು ಅಷ್ಟೂ ಸರಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಟೇಪು ಹಿಡಿದು ಅಳೆದಾಗ ತಾರಸಿ 200 ಚದರ ಮೀಟರಿಗೆ ಹತ್ತಿರ ಬಂತು. ಅಲ್ಲಿಗೆ ವರ್ಷಕ್ಕೆ 1,20,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಎಂದು ಐದರಲ್ಲೊಂದು ಪಾಲು ಕಳೆದರೂ 96,000 ಲೀಟರ್ ಉಳಿಯುತ್ತದೆ. ಡೈರಿಯಲ್ಲಿ ಈ ಅಂಕಿಗೆ ಎರಡು ಅಡಿಗೆರೆ ಎಳೆದರು.

ಆಮೇಲೆ ಪೈಪು ನೋಡಲು ಕಟ್ಟಡದ ಹಿಂದೆ ಹೋದೆವು. ತಾರಸಿಯಿಂದ ಬಿಳಿ ಪೈಪು ಗೋಡೆಗುಂಟ ಚೆನ್ನಾಗಿ ಇಳಿದು ಬಂದಿತ್ತು. ಕೆಳಗೆ ನೆಲದಲ್ಲಿ ಸಿಮೆಂಟಿನ ಸಂಪು, ಸಂಪಿನ ಪಕ್ಕ ಮರಳು-ಜಲ್ಲಿಯ ಫಿಲ್ಟರು, ಗೋಡೆಯ ಮೇಲೆ ‘ಮಳೆ ನೀರು ಕೊಯ್ಲು ಘಟಕ’ ಎಂದು ನೀಲಿ ಬಣ್ಣದಲ್ಲಿ ಬರಹ. ಪೈಪಿನ ಬಾಯಿಗೂ ಫಿಲ್ಟರಿನ ಬಾಯಿಗೂ ನಡುವೆ ಒಂದು ಮೊಳ ಬರೀ ಗಾಳಿ.

‘ಇದೇನ್ ಮೇಷ್ಟ್ರೇ?’

‘ಅಂದಾಜು ಪಟ್ಟಿಯಾಗೆ ಪೈಪಿನ ಉದ್ದ ಇಷ್ಟೇ ಬರೆದಿದ್ರು. ಕಂಟ್ರಾಕ್ಟರು ಪಟ್ಟಿ ಪ್ರಕಾರ ಹಾಕಿದ. ಬಿಲ್ಲು ಪಾಸಾತು.’

‘ಮತ್ತೆ ನೀರು?’

‘ಅದು ಪಟ್ಟಿ ಓದಿಲ್ಲ, ಕೆಳಗೆ ಬೀಳತೈತಿ.’

ನೀರು ಬೀಳುವ ಜಾಗದಲ್ಲಿ ಯಾರೋ ಬಾಳೆ ನೆಟ್ಟಿದ್ದರು. ಆಳೆತ್ತರ ಬೆಳೆದು ಗೊನೆ ಬಿಟ್ಟಿತ್ತು. ಇನ್‌ಸ್ಪೆಕ್ಟ್ರು ಬಾಳೆಯನ್ನು ಬದಿಗೆ ಸರಿಸಿ ಪೈಪಿನ ಫೋಟೋ ತೆಗೆದರು. ಪೈಪ್ ಇದೆ, ಸಂಪು ಇದೆ, ಫಿಲ್ಟರ್ ಇದೆ, ಬೋರ್ಡ್ ಇದೆ. ‘ಎಲ್ಲಾ ಐತಲ್ಲ, ಸೇರಿಸೋದೊಂದು ಸಣ್ಣ ಕೆಲಸ’ ಎಂದು ಮತ್ತೆ ಇಪ್ಪತ್ತಕ್ಕೆ ಇಪ್ಪತ್ತು.

ಬಿಸಿಯೂಟದ ಕೋಣೆಯಲ್ಲಿ ಮಾತ್ರ ಅವರಿಗೆ ಸರಿಸಮಾನರು ಸಿಕ್ಕರು. ಅಡುಗೆಯ ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಇನ್‌ಸ್ಪೆಕ್ಟ್ರು ಬಾಗಿಲಲ್ಲೇ ನಿಂತು, ‘ಅಕ್ಕಾರೆ, ತರಕಾರಿ ಸಾವಯವನಾ?’ ಎಂದರು.

‘ಸಂತೀದು ಅಣ್ಣಾರೆ.’

‘ಅಲ್ಲ, ಗೊಬ್ಬರ, ಔಷಧಿ ಹೊಡೆದಿರ್ತಾರಾ ಅಂತ.’

‘ಹೊಡೆದಿರ್ತಾರೆ. ನಿಮ್ಮಂಗಡಿದೇ.’

ಒಗ್ಗರಣೆ ಚಟಪಟ ಎಂದಿತು. ನಾನು ಕೆಮ್ಮಿದೆ, ಘಾಟಿಗೆ ಎಂದುಕೊಳ್ಳಲಿ ಎಂದು.

‘ಉಳಿದ ಅನ್ನ ಕಾಂಪೋಸ್ಟ್ ಮಾಡ್ತೀರಾ?’

‘ಕಾಂಪೋಸ್ಟ್ ಮಾಡಾಕೆ ಅನ್ನ ಉಳಿಬೇಕಲ್ರಿ. ಉಳಿಯಲ್ಲ.’

ಆ ಅಕ್ಕನ ಅಡುಗೆಮನೆಯನ್ನು ನಾನು ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೂ ಬಿಸಿಯೂಟ ಸಿಗತೊಡಗಿದ್ದು 2007ರಿಂದ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ, ಬಾಳೆಹಣ್ಣು. ಮಕ್ಕಳು ಊಟ ಮಾಡುವುದು ಸ್ಟೀಲಿನ ತಟ್ಟೆಯಲ್ಲಿ, ಕಾಗದದ ತಟ್ಟೆಯ ಮಾತೇ ಇಲ್ಲ. ತಟ್ಟೆ ತೊಳೆದ ನೀರು ಸಣ್ಣ ಕಾಲುವೆಯಲ್ಲಿ ಹರಿದು ನುಗ್ಗೆಗಿಡಗಳ ಬುಡಕ್ಕೆ ಹೋಗುತ್ತದೆ. ತರಕಾರಿ ಸಿಪ್ಪೆಗೆ ಪಕ್ಕದ ಮನೆಯ ಎಮ್ಮೆ ಹೊತ್ತಿಗೆ ಸರಿಯಾಗಿ ಬೇಲಿಯ ಹತ್ತಿರ ಬಂದು ನಿಲ್ಲುತ್ತದೆ. ಇದಕ್ಕೆಲ್ಲ ಬೋರ್ಡು ಇಲ್ಲದ್ದರಿಂದ ಇನ್‌ಸ್ಪೆಕ್ಟ್ರು ಕಾಂಪೋಸ್ಟಿನ ಎದುರು ಸೊನ್ನೆ ಹಾಕಿದರು.

ಹೊರಗೆ ಜೂನ್ 5ರ ಪರಿಸರ ದಿನಾಚರಣೆಯ ಸಸಿಗಳು ಪಾಲಿಥೀನ್ ಚೀಲದಲ್ಲಿ ಸಾಲಾಗಿ ನಿಂತಿದ್ದವು. ‘ಹೋದ ವರ್ಷ ನೆಟ್ಟವು ಎಲ್ಲಿ?’ ಎಂದು ಗದರಿಸಿದರು.

‘ಟಿಸಿ ತಗೊಂಡು ಹೋದ್ವು’ ಎಂದರು ಹೆಡ್‌ಮಾಸ್ಟ್ರು.

ನಮ್ಮ ತಪಾಸಣೆ ಅಲ್ಲಿಗೆ ನಿಲ್ಲಲಿಲ್ಲ. ಹೊಳೆಸಿರಿಗೆರೆ ಕಡೆ ಹೋದೆವು, ಕೊಮಾರನಹಳ್ಳಿ ಕೆರೆಯ ದಂಡೆಯ ಮೇಲೆ ನಿಂತು ‘ಇಂಥ ಜಾಗದಾಗೆ ಶಾಲೆ ಇರಬೇಕು ನೋಡ್ರಿ’ ಎಂದು ನಿಟ್ಟುಸಿರು ಬಿಟ್ಟೆವು, ಹರಿಹರಕ್ಕೂ ಹೋದೆವು. ಹರಿಹರದ ಒಂದು ಶಾಲೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಪರಿಸರ ಮಿತ್ರ ಶಾಲೆ’ ಪ್ರಶಸ್ತಿ ಬಂದಿದೆಯೆಂದು ಯಾರೋ ಹೇಳಿದ್ದರು. ಅದರಲ್ಲಿ ಹಸಿರು ಶಾಲೆ, ಹಳದಿ ಶಾಲೆ ಎಂದು ದರ್ಜೆಗಳಿವೆ. ಆ ಶಾಲೆ ಎಲ್ಲಿದೆಯೆಂದು ಕೇಳುತ್ತ ಅಲೆದಾಗ ಪಾನ್‌ಬೀಡಾ ಅಂಗಡಿಯವನು ಹಳದಿ ಬಣ್ಣ ಬಳಿದ ಮೂರು ಶಾಲೆಗಳ ದಾರಿ ತೋರಿಸಿದ. ಆದರೂ ಹರಿಹರದ ಮೇಲೆ ಇನ್‌ಸ್ಪೆಕ್ಟ್ರಿಗೆ ಒಲವು ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಮಗಳ ಪ್ರಯಾಣಕ್ಕೆ ಕಾಸಿಲ್ಲ, ಬಸ್ಸೆಂದರೆ ಹೊಗೆಯೂ ಹಂಚಿಕೊಂಡದ್ದು. ಸರಿ ಎಂದು ಮರುದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದೆವು. ಶಿವಮೊಗ್ಗ ಕಡೆಯಿಂದ ಬಂದ ಬಸ್ಸಿನ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಕಂಡಕ್ಟರು ‘ಹಿಂದೆ ಬರ್ತೈತಿ, ಹಿಂದೆ ಬರ್ತೈತಿ’ ಎನ್ನುತ್ತಲೇ ಹೋದರು. ಹಿಂದಿನದರ ಕಂಡಕ್ಟರೂ ಅದನ್ನೇ ಅಂದರು.

ಹೋಲಿಕೆಗೆಂದು ದಾವಣಗೆರೆಯ ಹೊರಗಿನ ಒಂದು ದೊಡ್ಡ ಖಾಸಗಿ ಶಾಲೆಯನ್ನೂ ನೋಡಿದೆವು. ಸೇರಿಸಲು ಅಲ್ಲ, ‘ಬೆಂಚ್‌ಮಾರ್ಕಿಗೆ’. ಗೇಟಿನಲ್ಲೇ ‘ಗ್ರೀನ್ ಕ್ಯಾಂಪಸ್’ ಎಂದು ಆಳೆತ್ತರದ ಫ್ಲೆಕ್ಸು. ಒಳಗೆ ಹಸಿರೋ ಹಸಿರು. ಇನ್‌ಸ್ಪೆಕ್ಟ್ರು ಬಗ್ಗಿ ಹುಲ್ಲು ಮುಟ್ಟಿದರು, ಪ್ಲಾಸ್ಟಿಕ್ಕು. ‘ಇದಕ್ಕೆ ನೀರು ಬೇಡ, ಕಳೆ ಕೀಳೋದು ಬೇಡ, ಗೊಬ್ಬರ ಬೇಡ ಸರ್’ ಎಂದು ಅಲ್ಲಿಯ ಹುಡುಗಿ ಹೆಮ್ಮೆಯಿಂದ ಹೇಳಿದಳು. ಮೊದಲೆರಡಕ್ಕೆ ತಲೆದೂಗಿದವರು ಮೂರನೆಯದಕ್ಕೆ ಸ್ವಲ್ಪ ಗಂಭೀರರಾದರು. ಬಂದ ದಾರಿಗೆ ಬೆಣ್ಣೆದೋಸೆ ತಿಂದು ಬಂದೆವು. ಆ ದಿನದ ಏಕೈಕ ಲಾಭ ಅದು.

ಈಗ ಇನ್‌ಸ್ಪೆಕ್ಟ್ರ ಮಗಳ ವಿಷಯ ಹೇಳಬೇಕು. ಅಪ್ಪ ತಾರಸಿ ಅಳೆಯುವಾಗಲೆಲ್ಲ ಅವಳು ಶಾಲೆಯಲ್ಲಿ ಯಾರನ್ನಾದರೂ ಮಾತಿಗೆಳೆದುಕೊಂಡು ಎತ್ತಲೋ ಮಾಯವಾಗುತ್ತಿದ್ದಳು. ಹೊರಡುವಾಗ ಬಂದು ಸೇರಿಕೊಳ್ಳುತ್ತಿದ್ದಳು. ನಾನು ಆಟವಾಡಲು ಹೋಗುತ್ತಾಳೆ ಎಂದುಕೊಂಡಿದ್ದೆ. ಒಂದು ಸಂಜೆ ಅಂಗಡಿಯ ಮುಂದೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತ ಇನ್‌ಸ್ಪೆಕ್ಟ್ರು ಅಂಕಗಳನ್ನು ಕೂಡಿಸುತ್ತಿದ್ದಾಗ ಸುಮ್ಮನೆ ಕೇಳಿದೆ, ‘ನಿನಗೆ ಯಾವ್ದು ಇಷ್ಟ ಆತು ಪುಟ್ಟಿ?’

ಅವಳು ಬೆರಳಿಗಂಟಿದ ಖಾರ ಒರೆಸಿಕೊಂಡಳು. ‘ನಮ್ಮೂರಿಂದೇ, ಕಾಕಾ. ಅಲ್ಲಿ ಹುಡುಗೀರ ಟಾಯ್ಲೆಟ್ಟಿಗೆ ಚಿಲಕ ಐತಿ. ಒಳಗಿಂದ ಹಾಕಾಕೆ ಬರತೈತಿ. ಪ್ಯಾಡ್ ಹಾಕಾಕೆ ಮುಚ್ಚಳ ಇರೋ ಡಬ್ಬಿ ಇಟ್ಟಾರೆ. ವಿಜ್ಞಾನದ ಮಿಸ್ ಎರಡು ಸಲ ಕೇಳಿದ್ರೂ ಬೈಯಲ್ವಂತೆ. ಲೈಬ್ರರಿ ಬೀಗ ಶನಿವಾರ ತೆಗೀತಾರಂತೆ. ಗಣಿತಕ್ಕೆ ಮಾತ್ರ ಮೇಷ್ಟ್ರಿಲ್ಲ, ಗೆಸ್ಟು ಬರಬೇಕಂತೆ. ಇನ್ನೊಂದು, ಮಧ್ಯಾಹ್ನ ಊಟ ಆದ್ಮ್ಯಾಲೆ ಟಾಯ್ಲೆಟ್ಟಿನಾಗೆ ನೀರು ಬರಲ್ಲ. ಟ್ಯಾಂಕ್ ಖಾಲಿ ಆಗತೈತಿ. ಅದಕ್ಕೆ ಹುಡುಗೀರು ಬೆಳಿಗ್ಗಿಂದ ನೀರೇ ಕುಡಿಯಲ್ಲ.’

‘ಹರಿಹರದ್ದು?’

‘ಚಿಲಕ ಇಲ್ಲ. ಒಬ್ಬಾಕಿ ಒಳಗೆ ಹೋದ್ರೆ ಇನ್ನೊಬ್ಬಾಕಿ ಹೊರಗೆ ಬಾಗಿಲು ಹಿಡ್ಕೊಂಡು ನಿಂದರಬೇಕು.’

ಇನ್‌ಸ್ಪೆಕ್ಟ್ರು ತಲೆಯೆತ್ತಲಿಲ್ಲ. ಅವರ ಲೆಕ್ಕದಲ್ಲಿ ಹರಿಹರದ್ದು ಊರಿನದಕ್ಕಿಂತ ಎಂಟು ಅಂಕ ಮುಂದಿತ್ತು. ತಪಾಸಣೆಯಿಡೀ ಮುಗಿದರೂ ನೂರು ಅಂಕದ ಪಟ್ಟಿಯಲ್ಲಿ ಬಾರದ ನಾಲ್ಕು ಸಂಗತಿಗಳನ್ನು ಹನ್ನೆರಡು-ಹದಿಮೂರರ ಈ ಹುಡುಗಿ ಟೇಪಿಲ್ಲದೆ ಅಳೆದುಕೊಂಡು ಬಂದಿದ್ದಳು. ನಿಜ ಹೇಳಬೇಕೆಂದರೆ ಆ ತಂಡದಲ್ಲಿ ಇನ್‌ಸ್ಪೆಕ್ಟರ್ ಎನ್ನಿಸಿಕೊಳ್ಳಲು ಅರ್ಹತೆ ಇದ್ದದ್ದು ಅವಳೊಬ್ಬಳಿಗೇ. ನಾನಂತೂ ಸಂಪಿನ ಪಕ್ಕ ನಿಂತಿದ್ದರೂ ಮಾಡಿನ ನೀರಿಗೂ ಮಧ್ಯಾಹ್ನದ ಖಾಲಿ ಟ್ಯಾಂಕಿಗೂ ಗಂಟು ಹಾಕಿರಲಿಲ್ಲ. ಸಂಪಿನಿಂದ ಟ್ಯಾಂಕಿಗೆ ಮೋಟಾರಿದೆ, ಟ್ಯಾಂಕಿನಿಂದ ಟಾಯ್ಲೆಟ್ಟಿಗೆ ನಲ್ಲಿಯಿದೆ. ಮಳೆಗಾಲದುದ್ದಕ್ಕೂ ನೀರು ಮೇಲಿಂದ ಇಳಿದು ಬಂದು ಒಂದು ಮೊಳ ದೂರದಲ್ಲಿ ನೆಲಕ್ಕೆ ಸುರಿಯುತ್ತದೆ.

‘ಊರಿನ ಶಾಲೆಗೇ ಹೋಗ್ತೀನಿ ಅಪ್ಪಾಜಿ. ನಡಕೊಂಡು ಹೋಗಿ ಬರಬಹುದು’ ಎಂದಳು ಹುಡುಗಿ.

ಅಂಗಡಿಯ ಹಿಂದಿನ ಮನೆಯೊಳಗಿಂದ ಅವಳ ತಾಯಿ, ‘ನಾಳೆ ಟಿಸಿ ಕೊಟ್ಟು ಬರ್ತೀನಿ. ನೀವು ಅಳೀತಾನೇ ಇರ್ರಿ’ ಎಂದರು. ಆ ಮನೆಯಲ್ಲಿ ತೀರ್ಮಾನಗಳು ಹೊರಬೀಳುವ ದನಿ ಅದು.

ಆದರೆ ಸೋಲುವುದು ಇನ್‌ಸ್ಪೆಕ್ಟ್ರ ಜಾತಕದಲ್ಲಿಲ್ಲ. ಡೈರಿ ಮತ್ತೆ ತೆರೆದು, ‘ನಡಕೊಂಡು ಹೋದ್ರೆ ಇಂಗಾಲ ಸೊನ್ನೆ’ ಎಂದು ಬರೆದು ಊರಿನ ಶಾಲೆಗೆ ಹತ್ತು ಅಂಕ ಹೆಚ್ಚುವರಿ ಕೊಟ್ಟರು. ಎರಡಂಕದಿಂದ ನಮ್ಮೂರು ಗೆದ್ದಿತು. ‘ವೈಜ್ಞಾನಿಕವಾಗಿ ಆಯ್ಕೆ ಮಾಡಿದ್ದು’ ಎಂದು ಇಂದಿಗೂ ಹೇಳುತ್ತಾರೆ. ಮೊದಲ ದಿನ ಮಗಳನ್ನು ಶಾಲೆಗೆ ಬಿಟ್ಟದ್ದು ಬುಲೆಟ್ಟಿನಲ್ಲಿ. ಗೇಟಿನ ಮುಂದೆ ಎಂಜಿನ್ ಆರಿಸದೆ ಹತ್ತು ನಿಮಿಷ ಹೆಡ್‌ಮಾಸ್ಟ್ರ ಜೊತೆ ವಾಯುಮಾಲಿನ್ಯದ ಬಗ್ಗೆ ಮಾತಾಡಿದರು.

ಹುಡುಗಿ ಈಗ ಎಂಟನೇ ಬಿ ಸೆಕ್ಷನ್. ಅಡ್ಮಿಷನ್ ಆದ ಮೇಲಾದರೂ ಆ ಶಾಲೆಗೆ ಇನ್‌ಸ್ಪೆಕ್ಟ್ರಿಂದ ಬಿಡುಗಡೆ ಸಿಗಬಹುದೆಂದು ಹೆಡ್‌ಮಾಸ್ಟ್ರು ಆಸೆಪಟ್ಟಿದ್ದರು. ಪಾಲಕರ ಸಭೆಯಲ್ಲಿ ಎಸ್‌ಡಿಎಂಸಿಗೆ ಯಾರು ಬರುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು, ಒಂದು ಬಿಳಿ ತೋಳು ಮೇಲೆದ್ದಿತು. ಮೊದಲ ಸಭೆಯ ನಡಾವಳಿಯನ್ನು ಬರೆದವನು ನಾನೇ. ನಿರ್ಣಯ ಒಂದು: ‘ಇದು ಪರಿಸರಸ್ನೇಹಿ ಶಾಲೆ’ ಎಂಬ ಫ್ಲೆಕ್ಸ್ ಹಾಕಿಸುವುದು. ಎರಡು: ಅಡುಗೆ ಕೋಣೆಯ ಹತ್ತಿರ ಕಾಂಪೋಸ್ಟ್ ತೊಟ್ಟಿ ಕಟ್ಟಿಸುವುದು. ಮೂರು: ಬೇಲಿಯ ಹತ್ತಿರ ಎಮ್ಮೆ ಬಾರದಂತೆ ಕ್ರಮ ಕೈಗೊಳ್ಳುವುದು. ಗಣಿತದ ಅತಿಥಿ ಶಿಕ್ಷಕರಿಗೆ ಬಿಇಒ ಕಚೇರಿಗೆ ಅರ್ಜಿ ಬರೆಯುವುದು ಆರನೆಯದು. ಅರ್ಜಿ ನಾನು ಚೆನ್ನಾಗಿಯೇ ಬರೆದೆ, ಗೆಸ್ಟು ಬಂದಿದ್ದಾರೆ. ಪೈಪ್ ಜೋಡಿಸುವುದು ಒಂಬತ್ತನೆಯದಾಗಿತ್ತು, ಅಷ್ಟರೊಳಗೆ ಚಾ ಬಂತು, ಸಭೆ ಬರಖಾಸ್ತು.

ನಾನೇ ಪೈಪ್ ತಂದುಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡಲು ಹೊರಟಿದ್ದೆ. ಇನ್‌ಸ್ಪೆಕ್ಟ್ರಿಗೆ ಸುದ್ದಿ ತಿಳಿದು, ದಾನಿಗಳ ಹೆಸರನ್ನು ಗೋಡೆಯ ಮೇಲೆ ಬರೆಸಬೇಕು, ಅದಕ್ಕೊಂದು ಸಮಾರಂಭ ಆಗಬೇಕು, ಅದರ ಅಧ್ಯಕ್ಷತೆಗೆ ಹರಿಹರದಿಂದ ಯಾರಾದರೂ ಬರಬೇಕು, ದಿನ ಗೊತ್ತುಮಾಡೋಣ ಎಂದರು. ಆ ದಿನ ಇನ್ನೂ ಗೊತ್ತಾಗಿಲ್ಲ.

ಆದ್ದರಿಂದ ಮಲೆಬೆನ್ನೂರು, ಹರಿಹರ ಕಡೆಯ ಪೈಪಿನ ಅಂಗಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. 110 ಎಂಎಂ ಪಿವಿಸಿ ಪೈಪು ಎರಡು ಅಡಿ, ಅದಕ್ಕೆ ಹೊಂದುವ ಎಲ್ಬೋ ಎರಡು, ಸಲ್ಯೂಷನ್ ಸಣ್ಣ ಡಬ್ಬಿ ಒಂದು ಬೇಕು. ಹೆಸರು ಬರೆಸಿಕೊಳ್ಳದೆ ಕೊಡುವ ಮನಸ್ಸಿದ್ದವರು ಭಾನುವಾರ ಬೆಳಿಗ್ಗೆ ಬನ್ನಿ, ಹೆಡ್‌ಮಾಸ್ಟ್ರು ಗೇಟಿನ ಕೀಲಿ ಕೊಡುತ್ತಾರೆ. ಇನ್‌ಸ್ಪೆಕ್ಟ್ರು ಅಂದು ಊರಲ್ಲಿರುವುದಿಲ್ಲ. ಹೊನ್ನಾಳಿಯಲ್ಲಿ ಅವರ ಭಾವಮೈದುನನ ಮಗನಿಗೆ ಶಾಲೆ ನೋಡಬೇಕಾಗಿದೆ.